ಗಾಳಿಕೋವಿಯ ಗುಂಡಿನ ಕಥೆ

ಕಳೆದ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವದ ಅಂಗವಾಗಿ ನಡೆದ ಆನಂದ ಮೇಳಕ್ಕೆ ಬಂದಿದ್ದವರಿಗೆ ಮೈದಾನದ ಮೂಲೆಯಲ್ಲಿದ್ದ ಬಲೂನು ಹೊಡೆಯುವ ಮಳಿಗೆಯ ನೆನಪಿರಬಹುದು. ನೀರುದೋಸೆಯ ಮಳಿಗೆಯ ಮುಂದೆ ಇದ್ದಷ್ಟೇ ಉದ್ದದ ಸಾಲು ಅಲ್ಲಿಯೂ ಇತ್ತು. ಸಂಜೆಯ ಹೊತ್ತಿಗೆ ಅಲ್ಲಿ ಇಬ್ಬರು ಹುಡುಗರ ನಡುವೆ ಒಂದು ವಾದ ಹುಟ್ಟಿಕೊಂಡಿತು. ದೂರದ ಗುರಿಗೆ ಭಾರವಾದ ಗುಂಡೇ ಲೇಸು ಎಂದು ಒಬ್ಬ. ಹಗುರವಾದ ಗುಂಡು ವೇಗವಾಗಿ ಹೋಗುವುದರಿಂದ ಅದೇ ಮೇಲು ಎಂದು ಇನ್ನೊಬ್ಬ. ವಾದ ಅಲ್ಲಿಗೇ ಮುಗಿಯಲಿಲ್ಲ. ಬರುವ ಮೇಳದಲ್ಲಿ ಅದೇ ಮೈದಾನದಲ್ಲಿ 50 ಮೀಟರಿನ ‘ದೂರಗುರಿ ಸ್ಪರ್ಧೆ’ ಏರ್ಪಡಿಸಬೇಕೆಂದು ಯುವಕ ವಿಭಾಗದವರು ಕಾರ್ಯಕಾರಿ ಸಮಿತಿಗೆ ಒಂದು ಮನವಿಯನ್ನೇ ಕೊಟ್ಟಿದ್ದಾರೆ. ಎಳೆಯ ವಯಸ್ಸಿನಲ್ಲಿ ಗಾಳಿಕೋವಿ ಹಿಡಿದ ಅನುಭವ ನಮಗೆ ಇದೆಯೆಂದು ತಿಳಿದ ಸಮಿತಿಯ ಹಿರಿಯರು ನಮ್ಮ ಅಭಿಪ್ರಾಯ ಕೇಳಿದ್ದಾರೆ.

ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದಿತ್ತು. ಆದರೆ ಹುಡುಗರ ಪ್ರಶ್ನೆ ಸಣ್ಣದಲ್ಲ. ಬಟಾಣಿ ಕಾಳಿಗಿಂತ ಚಿಕ್ಕದಾದ ಒಂದು ಸೀಸದ ಗುಂಡು ಗಾಳಿಯನ್ನು ಸೀಳಿಕೊಂಡು ನೆಟ್ಟಗೆ ಹೋಗಬೇಕಾದರೆ ಏನೇನು ಕೂಡಿಬರಬೇಕು ಎಂಬುದನ್ನು ತಿಳಿಯಲು ಜನ ಇನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಶ್ರಮಿಸಿದ್ದಾರೆ. ಆ ಕಥೆಯನ್ನು ಹೇಳಿದ ಮೇಲೆ ಉತ್ತರ ಹೇಳುವುದು ನ್ಯಾಯವೆಂದು ನಮಗೆ ತೋರಿತು.

ಮೊದಲು ನಮ್ಮದೇ ಒಂದು ಸಂಗತಿ. ನಮ್ಮ ಬಾಲ್ಯ ಕಳೆದದ್ದು ಮಲೆನಾಡಿನ ಒಂದು ಅಡಿಕೆ ತೋಟದ ಮನೆಯಲ್ಲಿ. ಮಂಗಗಳನ್ನು ಹೆದರಿಸಲೆಂದು ಸೋದರಮಾವನವರು ಒಂದು ಸ್ಪ್ರಿಂಗಿನ ಗಾಳಿಕೋವಿಯನ್ನು ಇಟ್ಟುಕೊಂಡಿದ್ದರು. ರಜೆಯಲ್ಲಿ ಅದನ್ನು ನಮ್ಮ ಕೈಗೆ ಕೊಟ್ಟರೂ ಹಕ್ಕಿಗಳ ಕಡೆ ತಿರುಗಿಸಲು ಬಿಡುತ್ತಿರಲಿಲ್ಲ. ಹಳೆಯ ಲಗ್ನಪತ್ರಿಕೆಯೊಂದನ್ನು ಮಣ್ಣಿನ ಗೋಡೆಗೆ ಅಂಟಿಸಿ, ನಡುವೆ ಇದ್ದಿಲಿನಿಂದ ಒಂದು ಬೊಟ್ಟಿಟ್ಟು, “ಹೊಡಿ” ಎನ್ನುತ್ತಿದ್ದರು. ಗುರಿ ತಪ್ಪಿದಾಗಲೆಲ್ಲ ನಾವು ಕೋವಿಯನ್ನೇ ಬೈಯುತ್ತಿದ್ದೆವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮಾವ ನಗುತ್ತಿದ್ದರು. ಒಂದು ದಿನ ಮಾತ್ರ ಅವರು ಗುಂಡಿನ ಡಬ್ಬಿಯನ್ನು ನೆಲದ ಮೇಲೆ ಸುರಿದು, ಒಂದೊಂದನ್ನೇ ಹೆಕ್ಕಿ ನೋಡಿ, ಎರಡು ರಾಶಿ ಮಾಡಿದರು. ನಾವು ಯಾವಾಗಲೋ ಹಳೆಯ ಡಬ್ಬಿಯ ಗುಂಡುಗಳನ್ನು ಹೊಸದಕ್ಕೆ ಬೆರೆಸಿಬಿಟ್ಟಿದ್ದೆವು. ಬೇರ್ಪಡಿಸಿದ ಮೇಲೆ ಅದೇ ಕೋವಿ, ಅದೇ ಕೈ. ಕಾಗದದ ಮೇಲೆ ತೂತುಗಳು ಮಾತ್ರ ಒಂದರ ಪಕ್ಕ ಒಂದು ಬಂದು ಕುಳಿತವು. ಗುಂಡಿನ ಗುಣವೆಂಬುದೊಂದಿದೆ ಎಂದು ನಮಗೆ ಅಂದು ತಿಳಿಯಿತು.

ಇನ್ನೊಂದು ದಿನದ ನೆನಪು ಅಷ್ಟು ಹಿತವಾದದ್ದಲ್ಲ. ಗೋಡೆಯನ್ನು ತಪ್ಪಿಸಿ ಹೋದ ನಮ್ಮದೊಂದು ಗುಂಡು ನಲವತ್ತು ಹೆಜ್ಜೆ ಆಚೆ ಬಚ್ಚಲುಮನೆಯ ಬಾಗಿಲಿನ ಹಲಗೆಯಲ್ಲಿ ನಾಟಿಕೊಂಡಿತ್ತು. ಅದಕ್ಕೆ ತುಸು ಮೊದಲು ಅಜ್ಜಿ ಬಿಸಿನೀರಿನ ಚೊಂಬು ಹಿಡಿದು ಆ ಬಾಗಿಲಲ್ಲೇ ನಿಂತಿದ್ದರು. ಮಾವ ಬೈಯಲಿಲ್ಲ. ಆ ರಜೆ ಮುಗಿಯುವವರೆಗೆ ಕೋವಿ ಅಟ್ಟದಿಂದ ಕೆಳಗಿಳಿಯಲೂ ಇಲ್ಲ.

ಇನ್ನು ಇತಿಹಾಸಕ್ಕೆ ಬರೋಣ. ಗುಂಡಿಗೂ ಗಾಳಿಗೂ ಇರುವ ಜಗಳವನ್ನು ಮೊದಲ ಬಾರಿಗೆ ಸರಿಯಾಗಿ ಅಳೆದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ಇವನು 1707ರಲ್ಲಿ ಹುಟ್ಟಿದವನು. ಹಾರುವ ಗುಂಡಿನ ವೇಗವನ್ನು ಅಳೆಯಲು ಅವನು ಒಂದು ಸರಳ ಉಪಾಯ ಹೂಡಿದ. ಭಾರವಾದ ಮರದ ದಿಮ್ಮಿಯೊಂದನ್ನು ಉಯ್ಯಾಲೆಯಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆದ. ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕ ಹಾಕಿದ. ಇದನ್ನೇ ಬೇರೆ ಬೇರೆ ದೂರದಲ್ಲಿಟ್ಟು ಹೊಡೆದಾಗ ಗಾಳಿಯ ತಡೆ ಆ ಕಾಲದ ಪಂಡಿತರು ಎಣಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿನದೆಂದು ಗೊತ್ತಾಯಿತು. 1742ರಲ್ಲಿ ಈ ವಿಷಯಗಳ ಬಗ್ಗೆ ಅವನು ಪ್ರಕಟಿಸಿದ ಪುಸ್ತಕವನ್ನು ಮಹಾ ಗಣಿತಜ್ಞ ಆಯ್ಲರ್ ತಾನೇ ಜರ್ಮನ್ ಭಾಷೆಗೆ ತಂದು ವ್ಯಾಖ್ಯಾನ ಬರೆದ. ಗುಂಡಿನ ಹಾದಿಯನ್ನು ಕಾಣಲು ರಾಬಿನ್ಸ್ ತೆಳು ಕಾಗದದ ತೆರೆಗಳನ್ನು ಸಾಲಾಗಿ ಕಟ್ಟಿ ಅವುಗಳ ಮೂಲಕ ಹೊಡೆಯುತ್ತಿದ್ದ. ತೆರೆಗಳಲ್ಲಿ ಬಿದ್ದ ತೂತುಗಳೇ ಅವನಿಗೆ ಸಾಕ್ಷಿ. ಉರುಟಾದ ಗುಂಡು ತನ್ನಷ್ಟಕ್ಕೆ ತಿರುಗುತ್ತ ಹೋಗುವುದರಿಂದ ಎಡಕ್ಕೋ ಬಲಕ್ಕೋ ಬಾಗುತ್ತದೆ ಎಂಬುದನ್ನು ಅವನು ಆ ಕಾಗದಗಳಿಂದಲೇ ತೋರಿಸಿಕೊಟ್ಟ.

ಈ ರಾಬಿನ್ಸನಿಗೂ ನಮ್ಮ ನಾಡಿಗೂ ಒಂದು ಸಂಬಂಧವಿದೆಯೆಂದರೆ ವಾಚಕರಿಗೆ ಅಚ್ಚರಿಯಾದೀತು. ಈಸ್ಟ್ ಇಂಡಿಯಾ ಕಂಪನಿ ತನ್ನ ಕೋಟೆಗಳನ್ನು ಭದ್ರಪಡಿಸಲು ಅವನನ್ನು ಮುಖ್ಯ ಇಂಜಿನಿಯರನನ್ನಾಗಿ ನೇಮಿಸಿತು. 1750ರಲ್ಲಿ ಇಲ್ಲಿಗೆ ಬಂದ ಅವನು ಮದರಾಸಿನ ಕೋಟೆಯ ಕೆಲಸದಲ್ಲಿ ತೊಡಗಿದ್ದಾಗಲೇ, 1751ರಲ್ಲಿ, ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಗಾಳಿಯ ತಡೆಯನ್ನು ಅಳೆದವನ ಕೊನೆಯುಸಿರು ಚೋಳಮಂಡಲ ತೀರದ ಗಾಳಿಯಲ್ಲಿ ಸೇರಿಹೋಯಿತು. ಚೆನ್ನೈಯ ನಮ್ಮ ಬಂಧುಗಳು ಆ ಕಡೆ ಹೋದಾಗ ಇದನ್ನು ನೆನೆಯಬಹುದು.

ರಾಬಿನ್ಸನು ಪ್ರಯೋಗಿಸಿದ್ದು ಮದ್ದಿನ ಕೋವಿಯನ್ನು. ಮದ್ದಿಲ್ಲದೆ ಬರಿಯ ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಕೋವಿಗಳೂ ಆ ವೇಳೆಗೆ ಹೊಸತೇನಲ್ಲ. ಅವುಗಳಲ್ಲಿ ಹೆಸರಾದದ್ದು 1780ರ ಸುಮಾರಿಗೆ ಆಸ್ಟ್ರಿಯದ ಸೈನ್ಯ ಬಳಕೆಗೆ ತಂದ, ಜಿರಾರ್ಡೋನಿ ಎಂಬಾತ ರಚಿಸಿದ ಕೋವಿ. ಅದರ ಹಿಂಬದಿಯ ಹಿಡಿಯೇ ಗಾಳಿ ತುಂಬುವ ಬುಡ್ಡಿ. ಒಮ್ಮೆ ತುಂಬಬೇಕಾದರೆ ಪಂಪನ್ನು ಸುಮಾರು 1500 ಸಲ ಒತ್ತಬೇಕಾಗಿತ್ತು! ತುಂಬಿದ ಮೇಲೆ ಇಪ್ಪತ್ತು ಗುಂಡುಗಳನ್ನು ಒಂದರ ಹಿಂದೊಂದು ಹಾರಿಸಬಹುದಾಗಿತ್ತು. ಹೊಗೆಯಿಲ್ಲ, ದೊಡ್ಡ ಸದ್ದಿಲ್ಲ. ಆದರೆ ಅದರ ನಾಜೂಕಿನ ಭಾಗಗಳು ರಣರಂಗದ ಒರಟುತನವನ್ನು ತಾಳಲಾರದೆ ಹೋದವು. 1804ರಿಂದ 1806ರವರೆಗೆ ಅಮೆರಿಕದ ಪಶ್ಚಿಮ ಭಾಗವನ್ನು ಹುಡುಕಿಕೊಂಡು ಹೋದ ಲೂಯಿಸ್ ಮತ್ತು ಕ್ಲಾರ್ಕ್ ತಂಡದವರೂ ಒಂದು ಗಾಳಿಕೋವಿಯನ್ನು ಒಯ್ದಿದ್ದರು.

ಗಾಳಿಯನ್ನು ಮೊದಲೇ ತುಂಬಿಡುವ ಕಷ್ಟವನ್ನು ತಪ್ಪಿಸಿದ್ದು ಸ್ಪ್ರಿಂಗು. 1870ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕ್ವಾಕೆನ್‌ಬುಷ್, ಹ್ಯಾವಿಲ್ಯಾಂಡ್ ಮತ್ತು ಗನ್ ಮೊದಲಾದವರು ಇಂಥ ಕೋವಿಗಳನ್ನು ಮಾಡಿ ಮಾರತೊಡಗಿದರು. ಮಿಷಿಗನ್ ರಾಜ್ಯದಲ್ಲಿ ರೈತರಿಗೆ ನೀರೆತ್ತುವ ಗಾಳಿಯಂತ್ರ ಮಾಡುತ್ತಿದ್ದ ಒಂದು ಕಂಪನಿ, ಮಕ್ಕಳ ಗಾಳಿಕೋವಿಗೆ ಬೇಡಿಕೆ ಹೆಚ್ಚಿದ್ದನ್ನು ಕಂಡು ಆ ಕಸಬಿಗೇ ತಿರುಗಿ, 1895ರಲ್ಲಿ ಡೇಸಿ ಎಂಬ ಹೆಸರನ್ನೇ ತಳೆಯಿತು. ಗಾಳಿಯನ್ನು ನಂಬಿದವರಿಗೆ ಗಾಳಿಯೇ ದಾರಿ ತೋರಿಸಿತೆನ್ನಬೇಕು.

ಸ್ಪ್ರಿಂಗಿನ ಕೋವಿಯ ಒಳಗೆ ನಡೆಯುವುದು ಇಷ್ಟು. ನಳಿಗೆಯನ್ನು ಬಗ್ಗಿಸಿದಾಗ ಅಥವಾ ಕೆಳಗಿನ ಸನ್ನೆಯನ್ನು ಎಳೆದಾಗ ಬಲವಾದ ಸ್ಪ್ರಿಂಗು ಅದುಮಿಕೊಂಡು, ಅದರ ಮುಂದಿನ ಪಿಸ್ಟನ್ ಒಂದು ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಕುದುರೆಯನ್ನು ಒತ್ತಿದೊಡನೆ ಪಿಸ್ಟನ್ ಮುನ್ನುಗ್ಗಿ ತನ್ನ ಎದುರಿನ ಗಾಳಿಯನ್ನು ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪು ಬಿಸಿಯಾಗುವುದನ್ನು ನೋಡಿದವರಿಗೆ ಗೊತ್ತು, ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಗುಂಡನ್ನು ನೂಕುತ್ತದೆ. ಆ ಗಾಳಿಯ ಮೆತ್ತೆಗೆ ಬಡಿದು ಪಿಸ್ಟನ್ ಸ್ವಲ್ಪ ಹಿಂದಕ್ಕೂ ಪುಟಿಯುತ್ತದೆ. ಹೀಗೆ ಕೋವಿ ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಎರಡು ಸಲ ಅಲುಗುತ್ತದೆ. ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ. ಈ ಅಲುಗಾಟ ತೊಡಗಿದಾಗ ಗುಂಡು ಇನ್ನೂ ನಳಿಗೆಯ ಒಳಗೇ ಇರುತ್ತದೆ ಎಂಬುದು ಮುಖ್ಯವಾದ ಮಾತು. ಆದ್ದರಿಂದ ಗುಂಡು ಬಿಗಿಯಾಗಿದೆಯೋ ಸಡಿಲವಾಗಿದೆಯೋ, ಭಾರವೋ ಹಗುರವೋ ಎಂಬುದರ ಮೇಲೆ ಕೋವಿಯ ನಡತೆಯೇ ಬದಲಾಗುತ್ತದೆ. ಮದ್ದಿನ ಕೋವಿಗಿಂತ ಸ್ಪ್ರಿಂಗಿನ ಕೋವಿ ಗುಂಡಿನ ವಿಷಯದಲ್ಲಿ ಹೆಚ್ಚು ಮಡಿವಂತ.

ಇದರಲ್ಲಿ ಇನ್ನೂ ಒಂದು ಗುಟ್ಟಿತ್ತು. 1970ರ ದಶಕದಲ್ಲಿ ಇಂಗ್ಲೆಂಡಿನ ಕಾರ್ಡ್ಯೂ ದ್ವಯರು ಒಂದು ಸ್ಪ್ರಿಂಗಿನ ಕೋವಿಯನ್ನು ಮಾಮೂಲಿ ಗಾಳಿಯಲ್ಲಿಯೂ ಬರಿಯ ಸಾರಜನಕದಲ್ಲಿಯೂ ಹಾರಿಸಿ ನೋಡಿದರು. ಸಾರಜನಕದಲ್ಲಿ ಗುಂಡಿನ ಬಲ ಸ್ಪಷ್ಟವಾಗಿ ಕುಗ್ಗಿತು. ಅಂದರೆ ಕೊಳವೆಯ ಒಳಗಿನ ಎಣ್ಣೆಯ ಜಿಡ್ಡು ಬಿಸಿಗಾಳಿಯಲ್ಲಿ ಉರಿದು ಗುಂಡಿಗೆ ಒಂದಿಷ್ಟು ಬಲ ಕೂಡಿಸುತ್ತಿತ್ತು! ಬರಿಯ ಗಾಳಿಯಿಂದಲೇ ನಡೆಯುತ್ತದೆಂದು ಎಲ್ಲರೂ ತಿಳಿದದ್ದು ಪೂರ್ತಿ ನಿಜವಾಗಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಸ್ಪ್ರಿಂಗಿನ ಕೋವಿಗೆ ದೊಡ್ಡವರ ಮರ್ಯಾದೆ ಸಿಕ್ಕಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ. ಅಲ್ಲಿನ ಕೋವಿ ಕಸಬುದಾರ ಲಿಂಕನ್ ಜೆಫ್ರೀಸ್ 1904ರಲ್ಲಿ ನಳಿಗೆ ಅಲುಗದ, ಕೆಳಗಿನ ಸನ್ನೆಯಿಂದ ಸ್ಪ್ರಿಂಗು ಎಳೆಯುವ ಒಂದು ಮಾದರಿಗೆ ಪೇಟೆಂಟ್ ಅರ್ಜಿ ಹಾಕಿದ. ಮರುವರ್ಷದಿಂದ ಅದನ್ನು ಬಿ.ಎಸ್.ಎ. ಕಾರ್ಖಾನೆ ತಯಾರಿಸತೊಡಗಿತು. ನಮ್ಮ ಹಿರಿಯರಿಗೆ ಬಿ.ಎಸ್.ಎ. ಎಂದರೆ ಸೈಕಲ್ಲು ಮತ್ತು ಮೋಟಾರ್ ಸೈಕಲ್ಲು. ಮೂಲದಲ್ಲಿ ಅದು 1861ರಲ್ಲಿ ಕೋವಿಗಾಗಿಯೇ ಹುಟ್ಟಿದ ಕಂಪನಿ. ಬೋಯರ್ ಯುದ್ಧ ಮುಗಿದ ಆ ದಿನಗಳಲ್ಲಿ ಸಾಮಾನ್ಯ ಜನರೂ ಗುರಿ ಹೊಡೆಯಲು ಕಲಿಯಬೇಕೆಂಬ ಉತ್ಸಾಹ ಅಲ್ಲಿ ಎಲ್ಲೆಡೆ ಇತ್ತು. ಕಾರ್ಖಾನೆಯ ಕೆಲಸಗಾರರು ಸಂಜೆ ಪಾನಗೃಹಗಳಲ್ಲಿ ಸೇರಿ ಆರೇಳು ಗಜ ದೂರದ ಕಬ್ಬಿಣದ ಹಲಗೆಗೆ ಹೊಡೆಯುತ್ತಿದ್ದರು. ಹಲಗೆಯ ನಡುವೆ ಒಂದು ಸೆಂಟಿಮೀಟರಿಗೂ ಕಡಿಮೆ ಅಗಲದ ತೂತು. ಅದರ ಹಿಂದೆ ಒಂದು ಗಂಟೆ. ಗುಂಡು ತೂತಿನೊಳಗೆ ಹೊಕ್ಕರೆ ಗಂಟೆ ಬಾರಿಸುತ್ತಿತ್ತು. ದುಬಾರಿ ಮದ್ದಿಲ್ಲ, ದೂರದ ಬಯಲಿಲ್ಲ. ಬಡವನಿಗೂ ಎಟುಕುವ ಆಟ.

ಗುಂಡಿನ ಆಕಾರ ನೆಲೆನಿಂತದ್ದೂ ಇದೇ ಕಾಲದಲ್ಲಿ. ಅದಕ್ಕೆ ಮುಂಚೆ ಉರುಟು ಗುಂಡು, ಬಾಲಕ್ಕೆ ಎಳೆ ಕಟ್ಟಿದ ಮುಳ್ಳು, ಗಿಡ್ಡ ಸೀಸದ ತುಂಡು ಎಲ್ಲವೂ ಬಳಕೆಯಲ್ಲಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ನಡು ಸಣ್ಣಗಿರುವ, ಎರಡು ತುದಿ ಅಗಲವಾಗಿರುವ ಹೊಸ ಗುಂಡು ಬಂದು ಉಳಿದೆಲ್ಲವನ್ನೂ ಹಿಂದಕ್ಕೆ ತಳ್ಳಿತು. ಅದಕ್ಕೆ ‘ಡಯಾಬೊಲೋ’ ಎಂಬ ಹೆಸರು ಬಿತ್ತು. ದಾರದ ಮೇಲೆ ಕುಣಿಸುವ ಆ ಹೆಸರಿನ ಆಟಿಕೆಯ ಹುಚ್ಚು 1907ರ ಸುಮಾರಿಗೆ ಯೂರೋಪಿನಲ್ಲೆಲ್ಲ ಹರಡಿತ್ತು. ನಮ್ಮವರು ಹೆಸರಿಟ್ಟಿದ್ದರೆ ಖಂಡಿತವಾಗಿ ಬುಡುಬುಡಿಕೆ ಗುಂಡು ಎನ್ನುತ್ತಿದ್ದರು. ಬೆಳಗಿನ ಜಾವ ಮನೆಯ ಮುಂದೆ ಬಂದು ಶಕುನ ನುಡಿಯುತ್ತಿದ್ದ ಬುಡುಬುಡಿಕೆಯವನ ಕೈಯ ಆ ಪುಟ್ಟ ವಾದ್ಯವನ್ನು ನೆನೆಸಿಕೊಳ್ಳಿ. ಅದನ್ನು ಅಕ್ಕಿಕಾಳಿನಷ್ಟು ಉದ್ದಕ್ಕೆ ಕುಗ್ಗಿಸಿದರೆ ಗಾಳಿಕೋವಿಯ ಗುಂಡು ಸಿಕ್ಕಿತು.

ಈ ಆಕಾರದಲ್ಲಿ ಜಾಣತನವಿದೆ. ಗುಂಡಿನ ಮುಂಭಾಗ ಗಟ್ಟಿ, ಹಿಂಭಾಗ ಟೊಳ್ಳು. ಆ ಟೊಳ್ಳಾದ ತೆಳು ಅಂಚನ್ನು ಬಲ್ಲವರು ಸ್ಕರ್ಟ್ ಎನ್ನುತ್ತಾರೆ; ನಾವು ಲಂಗ ಎನ್ನೋಣ. ಗಾಳಿ ಒತ್ತಿದಾಗ ಲಂಗ ಅರಳಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಗಾಳಿ ಸೋರುವುದಿಲ್ಲ. ನಳಿಗೆಯ ಒಳಗಿನ ಸುರುಳಿಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಹೊರಗೆ ಬಂದ ಮೇಲೆ, ಭಾರ ಮುಂದಿದ್ದು ಹಿಂಭಾಗ ಅಗಲವಾಗಿರುವುದರಿಂದ ಬ್ಯಾಡ್ಮಿಂಟನ್ನಿನ ಹೂವಿನಂತೆ ಮೂತಿ ಮುಂದಾಗಿಯೇ ಸಾಗುತ್ತದೆ. ಆ ಆಟಕ್ಕೆ 1870ರ ದಶಕದಲ್ಲಿ ನಿಯಮಗಳು ರೂಪುಗೊಂಡದ್ದು ಪುಣೆಯಲ್ಲೆಂಬುದು ಅಲ್ಲಿನ ಕನ್ನಡಿಗರಿಗೆ ತಿಳಿದ ಸಂಗತಿಯೇ. ಹೂವು ನೆಟ್ಟಗೆ ಹೋಗುತ್ತದೆ ನಿಜ, ಆದರೆ ಬೇಗ ನಿಧಾನವಾಗುತ್ತದೆ. ಗುಂಡಿನ ಗುಣವೂ ಅದೇ, ದೋಷವೂ ಅದೇ.

ಹಲವು ದಶಕಗಳವರೆಗೆ ಈ ದೋಷ ಯಾರನ್ನೂ ಕಾಡಲಿಲ್ಲ. ಪಾನಗೃಹದ ಗಂಟೆಗೆ ಆರೇಳು ಗಜ. ಅಂತರರಾಷ್ಟ್ರೀಯ ಸ್ಪರ್ಧೆಗೆ 10 ಮೀಟರ್. ಕೋವಿಯ ಅಲುಗಾಟವನ್ನು ಗೆಲ್ಲುವುದೇ ಅಲ್ಲಿನ ದೊಡ್ಡ ಸಮಸ್ಯೆಯಾಗಿತ್ತು. ಜರ್ಮನಿಯ ಫೈನ್‌ವೆರ್ಕ್‌ಬೌ ಕಂಪನಿ 1960ರ ದಶಕದಲ್ಲಿ ಕೋವಿಯ ಮೇಲ್ಭಾಗ ಒಂದು ಹಳಿಯ ಮೇಲೆ ತಾನೇ ಹಿಂದಕ್ಕೆ ಜಾರುವಂತೆ ಮಾಡಿ, ಹೊಡೆಯುವವನ ಹೆಗಲಿಗೆ ಅಲುಗಾಟ ತಾಗದಂತೆ ಮಾಡಿತು. 10 ಮೀಟರಿನ ಗುರಿಗೆ ಚಪ್ಪಟೆ ಮೂತಿಯ ಗುಂಡೇ ಇಂದಿಗೂ ಎಲ್ಲೆಡೆ ಸಲ್ಲುತ್ತದೆ. ಅದು ಕಾಗದದಲ್ಲಿ ಕತ್ತರಿಸಿದಂತೆ ದುಂಡಗಿನ ತೂತು ಮಾಡುವುದರಿಂದ ಅಂಕ ಎಣಿಸುವುದಕ್ಕೆ ಅನುಕೂಲ.

ಪರಿಸ್ಥಿತಿ ಬದಲಾದದ್ದು 1980ರಲ್ಲಿ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಮ್ಯಾಗಮ್ ಡೌನ್ ಎಂಬ ಹಳ್ಳಿಯಲ್ಲಿ ಹೊಸ ಬಗೆಯ ಸ್ಪರ್ಧೆಯೊಂದು ನಡೆಯಿತು. ಬಯಲಿನಲ್ಲಿ, ಮರಗಳ ನಡುವೆ, ಬೇರೆ ಬೇರೆ ದೂರದಲ್ಲಿ ಲೋಹದ ಗೊಂಬೆಗಳನ್ನು ನಿಲ್ಲಿಸಿ, ಅವುಗಳಲ್ಲಿರುವ ಸಣ್ಣ ತೂತಿಗೆ ಹೊಡೆದರೆ ಗೊಂಬೆ ಬೀಳುವಂತೆ ಮಾಡಿದ್ದರು. ‘ಫೀಲ್ಡ್ ಟಾರ್ಗೆಟ್’ ಎಂಬ ಈ ಆಟ ಬೇಗನೆ ಹಲವು ದೇಶಗಳಿಗೆ ಹರಡಿತು. ಇದರಲ್ಲಿ ಗುರಿ 55 ಗಜದವರೆಗೂ ಇರಬಹುದು. ಅತಿ ದೊಡ್ಡ ತೂತಿನ ಅಗಲ 40 ಮಿ.ಮೀ. ಅಂದರೆ ನಮ್ಮ ಹುಡುಗರು ಕೇಳುವ 50 ಮೀಟರೇ. ಅಲ್ಲಿಂದ ಮುಂದೆ ಗುಂಡುಗಳ ಹೋಲಿಕೆ ಒಂದು ಗಂಭೀರ ವಿಷಯವಾಯಿತು.

ಈಗ ಸ್ವಲ್ಪ ಲೆಕ್ಕ. ಬ್ರಿಟನ್ನಿನಲ್ಲಿ 1969ರಿಂದ ಲೈಸೆನ್ಸ್ ಇಲ್ಲದ ಗಾಳಿಕೋವಿಗೆ 12 ಅಡಿ-ಪೌಂಡ್, ಎಂದರೆ ಸುಮಾರು 16 ಜೂಲ್ ಶಕ್ತಿಯ ಮಿತಿ ಇದೆ. ಆ ಮಿತಿಯನ್ನೇ ಹಿಡಿದು ಮೂರು ಗುಂಡುಗಳನ್ನು ಹೋಲಿಸೋಣ. ಮೂರಕ್ಕೂ ಅಗಲ 4.5 ಮಿ.ಮೀ. ಮೊದಲನೆಯದು 0.45 ಗ್ರಾಮಿನ ಹಗುರ ಗುಂಡು, ಮೂತಿ ಚಪ್ಪಟೆ. ಎರಡನೆಯದು 0.55 ಗ್ರಾಮಿನ ಮಧ್ಯಮ ಗುಂಡು, ಮೂತಿ ಗುಮ್ಮಟದಂತೆ ದುಂಡು. ಮೂರನೆಯದು 0.67 ಗ್ರಾಮಿನ ಭಾರದ ಗುಂಡು, ಅದಕ್ಕೂ ದುಂಡು ಮೂತಿ. ಹೊರಡುವಾಗ ಹಗುರ ಗುಂಡು ಸೆಕೆಂಡಿಗೆ ಸುಮಾರು 267 ಮೀಟರ್, ಮಧ್ಯಮ ಗುಂಡು 241, ಭಾರದ್ದು 218 ಮೀಟರ್ ವೇಗದಲ್ಲಿರುತ್ತವೆ. ಇಲ್ಲಿಯವರೆಗೆ ಹಗುರ ಗುಂಡಿನ ಪಕ್ಷ ಹಿಡಿದ ಹುಡುಗನದೇ ಗೆಲುವು.

ಆದರೆ ಚಪ್ಪಟೆ ಮೂತಿಯ ಹಗುರ ಗುಂಡಿಗೆ ಗಾಳಿಯ ತಡೆ ದುಂಡು ಮೂತಿಯ ಮಧ್ಯಮ ಗುಂಡಿಗಿಂತ ಸುಮಾರು ಇಮ್ಮಡಿಯಾಗಿ ತಟ್ಟುತ್ತದೆ. 50 ಮೀಟರ್ ತಲುಪುವಾಗ ಅದರ ವೇಗ ಸುಮಾರು 155 ಮೀಟರಿಗೆ ಇಳಿದಿರುತ್ತದೆ. ಮಧ್ಯಮ ಗುಂಡಿನದು 180ಕ್ಕೂ ಮೇಲೆ ಉಳಿದಿರುತ್ತದೆ. ಮುಂಚೆ ಹೊರಟ ಹಗುರ ಗುಂಡು ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ತಡವಾಗಿಯೇ ಗುರಿ ಮುಟ್ಟುತ್ತದೆ! ಆಮೆ ಮೊಲದ ಕಥೆಯೇ ಸರಿ. ಇನ್ನು ಸೆಕೆಂಡಿಗೆ 2 ಮೀಟರಿನ ಸಣ್ಣ ಅಡ್ಡಗಾಳಿ ಬೀಸಿತೆನ್ನಿ. ಅರಳೆಲೆ ಅಲುಗುವಷ್ಟು ಗಾಳಿ. ಮಧ್ಯಮ ಗುಂಡು ಸುಮಾರು 6 ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ಹಗುರ ಚಪ್ಪಟೆ ಗುಂಡು 12 ಸೆಂಟಿಮೀಟರ್ ಸರಿಯುತ್ತದೆ. ಗುರಿಯ ತೂತು 4 ಸೆಂಟಿಮೀಟರ್ ಮಾತ್ರ ಎಂಬುದನ್ನು ಮರೆಯಬಾರದು. 10 ಮೀಟರಿನಲ್ಲಿ ರಾಜನಾಗಿ ಮೆರೆಯುವ ಚಪ್ಪಟೆ ಗುಂಡು 50 ಮೀಟರಿನಲ್ಲಿ ಹೀಗೆ ಬಡವನಾಗುತ್ತದೆ.

ಹಾಗಾದರೆ ಭಾರದ ಗುಂಡಿನ ಹುಡುಗ ಗೆದ್ದನೇ? ಅದೂ ಇಲ್ಲ. ಭಾರದ ಗುಂಡು ಗಾಳಿಗೆ ತುಸು ಕಡಿಮೆ ಸರಿಯುತ್ತದೆ, ಸುಮಾರು 5 ಸೆಂಟಿಮೀಟರ್. ಆದರೆ ನಿಧಾನವಾಗಿ ಹೋಗುವುದರಿಂದ ಹೆಚ್ಚು ಕೆಳಗಿಳಿಯುತ್ತದೆ. ಮಧ್ಯಮ ಗುಂಡು 50 ಮೀಟರಿನಲ್ಲಿ ಸುಮಾರು 28 ಸೆಂಟಿಮೀಟರ್ ಇಳಿದರೆ ಭಾರದ್ದು 32ರಷ್ಟು ಇಳಿಯುತ್ತದೆ. ದೂರವನ್ನು ಅಂದಾಜು ಮಾಡುವುದರಲ್ಲಿ ತುಸು ತಪ್ಪಿದರೂ ಗುರಿ ತಪ್ಪಿತು. ಅದಕ್ಕಿಂತ ಹೆಚ್ಚಾಗಿ, ಸ್ಪ್ರಿಂಗಿನ ಕೋವಿ ಭಾರದ ಗುಂಡನ್ನು ಸಂತೋಷದಿಂದ ನೂಕುವುದಿಲ್ಲ. ಗುಂಡು ಹೊರಡಲು ತಡಮಾಡಿದರೆ ಪಿಸ್ಟನ್ ಗಾಳಿಯ ಮೆತ್ತೆಗೆ ಬಡಿದು ಜೋರಾಗಿ ಹಿಂದಕ್ಕೆ ಪುಟಿಯುತ್ತದೆ. ಶಕ್ತಿ ಸೋರಿಹೋಗಿ, ನಮ್ಮ ಲೆಕ್ಕದ 218 ಮೀಟರೂ ಸಿಗದೆ ಹೋಗಬಹುದು. ಅತಿ ಹಗುರ ಗುಂಡಾದರೆ ಮೆತ್ತೆ ಸಾಲದೆ ಪಿಸ್ಟನ್ ಕೊಳವೆಯ ತುದಿಗೆ ಬಡಿದು ಕೋವಿಯೇ ಸವೆಯುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಸಂಗತಿ ಒಂದಿದೆ. ಅದು ವೇಗವೂ ಅಲ್ಲ, ಭಾರವೂ ಅಲ್ಲ. ಒಂದು ಗುಂಡಿನಂತೆ ಇನ್ನೊಂದು ಇರುವುದು. ಒಂದೇ ಡಬ್ಬಿಯ ಎರಡು ಗುಂಡುಗಳಲ್ಲಿ ಒಂದು 240 ಮೀಟರ್ ವೇಗದಲ್ಲಿಯೂ ಇನ್ನೊಂದು 243ರಲ್ಲಿಯೂ ಹೊರಟವೆನ್ನಿ. 10 ಮೀಟರಿನಲ್ಲಿ ಅವುಗಳ ಎತ್ತರದ ಅಂತರ ಒಂದು ಮಿಲಿಮೀಟರಿನ ಕಾಲು ಭಾಗವೂ ಇಲ್ಲ. 50 ಮೀಟರಿನಲ್ಲಿ ಅದೇ ಅಂತರ 7 ಮಿಲಿಮೀಟರ್. ದೂರ ಐದು ಪಟ್ಟಾಯಿತು, ತಪ್ಪು ಮೂವತ್ತು ಪಟ್ಟು ಬೆಳೆಯಿತು! ಹತ್ತಿರದಲ್ಲಿ ಬಚ್ಚಿಟ್ಟುಕೊಂಡ ದೋಷವನ್ನು ದೂರ ಬಯಲಿಗೆಳೆಯುತ್ತದೆ. ಅದಕ್ಕಾಗಿಯೇ ಒಳ್ಳೆಯ ಗುಂಡಿನ ಡಬ್ಬಿಗಳ ಮೇಲೆ ಇಂದು 4.50, 4.51, 4.52 ಎಂದು ಮಿಲಿಮೀಟರಿನ ನೂರನೆಯ ಪಾಲಿನವರೆಗೆ ಮೂತಿಯ ಅಳತೆಯನ್ನು ಅಚ್ಚು ಹಾಕುತ್ತಾರೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ಸಾವಿರಾರು ಅಡಿ ವೇಗಕ್ಕಿಂತ ಈ ಸಣ್ಣ ಅಂಕೆಗೆ ಬೆಲೆ ಹೆಚ್ಚು. ಅತಿ ವೇಗದ ಗುಂಡು ಶಬ್ದದ ವೇಗದ ಹತ್ತಿರ, ಸೆಕೆಂಡಿಗೆ ಸುಮಾರು 340 ಮೀಟರಿನ ಬಳಿ ಸಾರಿದಾಗ ಗಾಳಿಯಲ್ಲಿ ತೂರಾಡುತ್ತದೆ. ವೇಗವೆಂಬುದು ಅಲ್ಲಿ ಗುಣವಾಗಿ ಉಳಿಯುವುದಿಲ್ಲ.

ಹಾಗಾದರೆ ಯಾವ ಗುಂಡು ಒಳ್ಳೆಯದು? ಯಾವ ಪಂಡಿತನೂ ಕೋವಿಯನ್ನು ನೋಡದೆ ಹೇಳಲಾರ. ಒಂದೇ ಕಾರ್ಖಾನೆಯ ಎರಡು ಕೋವಿಗಳು ಬೇರೆ ಬೇರೆ ಗುಂಡನ್ನು ಮೆಚ್ಚುವುದುಂಟು. ಪರೀಕ್ಷಿಸುವ ವಿಧಾನ ಮಾತ್ರ ರಾಬಿನ್ಸನ ಕಾಲದ್ದೇ: ಕಾಗದ. ಗಾಳಿಯಿಲ್ಲದ ಹೊತ್ತು ಆರಿಸಿಕೊಳ್ಳಬೇಕು. ಹೊಸ ಬಗೆಯ ಗುಂಡು ಹಾಕಿದಾಗ ನಳಿಗೆ ಅದಕ್ಕೆ ಹೊಂದಿಕೊಳ್ಳಲು ಮೊದಲ ಹತ್ತು ಹದಿನೈದು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಲಂಗ ನಜ್ಜಾದ ಗುಂಡುಗಳನ್ನು ತೆಗೆದುಹಾಕಬೇಕು. ಸ್ಪ್ರಿಂಗಿನ ಕೋವಿಯನ್ನು ಗಟ್ಟಿ ಮೇಜಿನ ಮೇಲೆ ಒತ್ತಿ ಹಿಡಿಯದೆ, ಮಗುವನ್ನು ಎತ್ತಿಕೊಂಡಂತೆ ಅಂಗೈಯ ಮೇಲೆ ಹಗುರವಾಗಿ ಇಟ್ಟುಕೊಂಡು, ಅದು ಅಲುಗುವಷ್ಟು ಅಲುಗಲು ಬಿಡಬೇಕು. ಪ್ರತಿ ಬಗೆಗೂ ಹತ್ತು ಗುಂಡು ಹೊಡೆದು, ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನು ಅಳೆದು ಬರೆದಿಡಬೇಕು. ಮೂರೇ ಗುಂಡಿನ ಒಂದು ಒಳ್ಳೆಯ ಗುಂಪನ್ನು ಕಂಡು ಹಿಗ್ಗಬಾರದು, ಅದು ಅದೃಷ್ಟವಿರಬಹುದು. ಇನ್ನೊಂದು ದಿನ ಸರದಿ ಬದಲಿಸಿ ಮತ್ತೆ ಹೊಡೆದು ನೋಡಬೇಕು. ಮೊದಲು 10, ಆಮೇಲೆ 25, ಕೊನೆಗೆ 50 ಮೀಟರ್. ಮುಗಿದ ಮೇಲೆ, ಗುಂಡು ಸೀಸದ್ದಾದ್ದರಿಂದ, ಸೋಪು ಹಚ್ಚಿ ಕೈ ತೊಳೆಯದೆ ತಿಂಡಿಗೆ ಕೈ ಹಾಕಬಾರದು.

ಗಾಳಿಕೋವಿ ನಮ್ಮವರಿಗೆ ಹೊರಗಿನದಲ್ಲ. ಕೋವಿಯನ್ನು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಕೈಲ್‌ಪೊಳ್ದ್ ಹಬ್ಬದ ಕೊಡಗು ನಮ್ಮದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಸೇರಿದ 10 ಮೀಟರ್ ಗಾಳಿಕೋವಿ ಸ್ಪರ್ಧೆಯಲ್ಲಿಯೇ 2008ರಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದರು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಮುಂಬಯಿಯ ಕಡೆ ನೆಲೆಸಿದ ಸುಮಾ ಶಿರೂರ್ 2004ರ ಏಷ್ಯನ್ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಆಮೇಲೆ ಅವರು ತರಬೇತಿ ಕೊಟ್ಟ ಅವನಿ ಲೇಖರಾ 2021ರಲ್ಲಿ ಟೋಕಿಯೋ ಪ್ಯಾರಾಲಿಂಪಿಕ್ಸಿನ ಚಿನ್ನ ಗೆದ್ದರು. 10 ಮೀಟರ್ ಗುರಿಯ ನಡುವಿನ ಹತ್ತರ ಬೊಟ್ಟು ಅರ್ಧ ಮಿಲಿಮೀಟರ್ ಅಗಲ. ನಲವತ್ತು ಸಲ ಒಂದೂ ತಪ್ಪದೆ ಅದನ್ನು ಮುಟ್ಟಬೇಕಾದರೆ ಕೈ, ಕೋವಿ, ಗುಂಡು ಮೂರೂ ಒಂದಾಗಿರಬೇಕು. ಈ ಸ್ಪರ್ಧೆಯ ಕೋವಿಗಳಲ್ಲಿ ಈಗ ಸ್ಪ್ರಿಂಗಿಲ್ಲ. ಜಿರಾರ್ಡೋನಿಯ ಕಾಲದಂತೆ ಮೊದಲೇ ತುಂಬಿಟ್ಟ ಗಾಳಿಯೇ ಮರಳಿ ಬಂದಿದೆ. ಬುಡುಬುಡಿಕೆಯಾಕಾರದ ಗುಂಡು ಮಾತ್ರ ಬದಲಾಗಿಲ್ಲ.

ಇನ್ನು ಸಮಿತಿಗೆ ನಮ್ಮ ಉತ್ತರ. ಮೇಲಿನ ಲೆಕ್ಕದ ಮಧ್ಯಮ ಗುಂಡು 50 ಮೀಟರ್ ಹೋದ ಮೇಲೂ ಹೊರಟಾಗಿನ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು, ಸುಮಾರು 9 ಜೂಲನ್ನು ಉಳಿಸಿಕೊಂಡಿರುತ್ತದೆ. ಒಂದು ಕಣ್ಣನ್ನು ಕಳೆಯಲು ಅದು ಧಾರಾಳ ಸಾಕು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 4.5 ಮಿ.ಮೀ. ಅಗಲವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಗಾಳಿಕೋವಿಗೆ ಲೈಸೆನ್ಸ್ ಬೇಡ ಎಂಬುದು ನಿಜ. ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಅದು ಆಟಿಕೆಯಾಗುವುದಿಲ್ಲ. ಮೇಳದ ಮೈದಾನದ ಆಚೆ ಬದಿಗೆ ತಡೆಗೋಡೆಯಿಲ್ಲ. ಬೇಲಿಯ ಹೊರಗೆ ಬಸ್ಸಿಗೆ ಕಾಯುವ ಜನ. ಅಂದು ಅಜ್ಜಿ ನಿಂತಿದ್ದ ಬಾಗಿಲನ್ನು ನಾವು ಇನ್ನೂ ಮರೆತಿಲ್ಲ. ಆದ್ದರಿಂದ ಆ ಮೈದಾನದಲ್ಲಿ 50 ಮೀಟರಿನ ಸ್ಪರ್ಧೆ ಬೇಡವೆಂಬುದೇ ನಮ್ಮ ಖಚಿತ ಅಭಿಪ್ರಾಯ. ಬಲೂನಿನ ಮಳಿಗೆ ಇರಲಿ. ಅದಕ್ಕೂ ಹಿಂದುಗಡೆ ದಪ್ಪ ಹಲಗೆಯ ಗೋಡೆ, ಪಕ್ಕಗಳಿಗೆ ಮರೆ, ಹೊಡೆಯುವ ಮಕ್ಕಳ ಕಣ್ಣಿಗೆ ಕನ್ನಡಕ ಇರಲೇಬೇಕು.

ಆದರೆ ಹುಡುಗರ ಉತ್ಸಾಹಕ್ಕೆ ತಣ್ಣೀರೆರಚುವುದು ನಮ್ಮ ಉದ್ದೇಶವಲ್ಲ. ಅನುಮತಿ ಪಡೆದ ಗುರಿಕಟ್ಟೆಗಳು ನಮ್ಮ ಮಹಾನಗರಗಳಲ್ಲಿವೆ, ಕಲಿಸುವವರೂ ಇದ್ದಾರೆ. ಯುವಕ ವಿಭಾಗದವರು ಒಂದು ಭಾನುವಾರ ಅಂಥ ಕಡೆಗೆ ಹೋಗಿ, ಬಲ್ಲವರ ಕಣ್ಣೆದುರಿನಲ್ಲಿ ಮೂರು ಬಗೆಯ ಗುಂಡುಗಳನ್ನು ಹತ್ತು ಹತ್ತರಂತೆ ಹೊಡೆದು ನೋಡಲಿ. ಪ್ರವೇಶ ಶುಲ್ಕವನ್ನು ಸಂಘ ಕೊಡಲಿ ಎಂದು ಸಮಿತಿಗೆ ನಮ್ಮ ಶಿಫಾರಸು. ಭಾರದ ಗುಂಡಿನವನೂ ಹಗುರ ಗುಂಡಿನವನೂ ಕೂಡಿಯೇ ಹೋಗಲಿ. ತೂತು ಬಿದ್ದ ಆ ಕಾಗದಗಳನ್ನು ಹಾಗೆಯೇ ತಂದು ಕೊಟ್ಟರೆ, ಅಳತೆ ಸಮೇತ ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿಯೇ ಅಚ್ಚು ಹಾಕೋಣ.